ತಟ್ಟಿದರೆ ಬಿಡಬೇಕು

ನನ್ನ ಮಗಳ ಎಡತೋಳಿನ ಮೇಲೆ ನನ್ನ ನಾಲ್ಕು ಬೆರಳಿನ ಗುರುತು ಎಂಟು ದಿನ ಇತ್ತು. ಮೊದಲು ಕೆಂಪಗೆ, ಆಮೇಲೆ ನೀಲಿ, ಕೊನೆಗೆ ಹಳದಿ. ಇದು ನಾನು ಕಣ್ಣಾರೆ ಕಂಡದ್ದಲ್ಲ. ಸುರಪುರದಿಂದ ನನ್ನ ಅಕ್ಕ ದಿನಾ ಫೋನು ಮಾಡಿ, ಇವತ್ತು ಇಂಥ ಬಣ್ಣಕ್ಕೆ ತಿರುಗಿದೆ ನೋಡು ಅಂತ ಹೇಳುತ್ತಿದ್ದಳು. ಬೈಯುತ್ತಿರಲಿಲ್ಲ, ಬಣ್ಣವಷ್ಟೇ ಹೇಳಿ ಫೋನಿಡುತ್ತಿದ್ದಳು. ಬೈದಿದ್ದರೆ ವಾಸಿಯಿತ್ತು.

ನಡೆದದ್ದು ಶಹಾಪುರದ ನಮ್ಮ ಬಾಡಿಗೆ ಮನೆಯಲ್ಲಿ, ಒಂದು ಬೆಳಿಗ್ಗೆ, ನಾನು ಆಫೀಸಿಗೆ ಹೊರಡುವ ಹೊತ್ತಿನಲ್ಲಿ. ಮಗಳು ಪಿಯುಸಿ ಎರಡನೇ ವರ್ಷ ಓದುತ್ತಿದ್ದಳು. ಮಹಡಿ ಮೆಟ್ಟಿಲ ಮೇಲೆ ಕೂತು ಮೊಬೈಲಿನಲ್ಲಿ ಮಾತಾಡುತ್ತಿದ್ದಳು. ಯಾರದು ಅಂತ ಕೇಳಿದೆ. ಗೆಳತಿ ಅಂದಳು. ಫೋನು ಕೊಡು ಅಂದೆ. ಕೊಡುವುದಿಲ್ಲ ಅಂದಳು. ಅಷ್ಟೇ. ಒಂದು 'ಇಲ್ಲ'ಕ್ಕೆ ನನ್ನ ಪಿತ್ತ ನೆತ್ತಿಗೇರಿತು. ಆಕೆಯ ತೋಳು ಹಿಡಿದೆ. ಒಳಗೆ ನನ್ನ ಹೆಂಡತಿ ರೊಟ್ಟಿ ಬಡಿಯುತ್ತಿದ್ದ ಸದ್ದು ಕೇಳುತ್ತಿತ್ತು. ಮಗಳು ಇನ್ನೊಂದು ಕೈಯಿಂದ ನನ್ನ ಮುಂಗೈ ಮೇಲೆ ಪಟಪಟ ಬಡಿದಳು. ಅಪ್ಪನ ಮೇಲೆ ಕೈ ಮಾಡುವಷ್ಟು ಬೆಳೆದಳಾ ಅಂದುಕೊಂಡು ಇನ್ನೂ ಬಿಗಿದೆ. ಆಕೆ ಮತ್ತೆ ಬಡಿದಳು, ನಾನು ಮತ್ತೆ ಬಿಗಿದೆ. ಒಳಗೆ ರೊಟ್ಟಿಯ ಸದ್ದು ನಿಂತಿತು. ಹೆಂಡತಿ ಹಿಟ್ಟಿನ ಕೈಯಲ್ಲೇ ಓಡಿ ಬಂದು ನನ್ನನ್ನು ಹಿಂದಕ್ಕೆ ಎಳೆದಳು. ನನ್ನ ಅಂಗಿಯ ಮೇಲೆ ಆಕೆಯ ಹಸ್ತ ಬಿಳಿಯಾಗಿ ಮೂಡಿತ್ತು. ಅದನ್ನು ಒರೆಸಿಕೊಂಡು ನಾನು ಆಫೀಸಿಗೆ ಹೋದೆ. ಎಂಥ ಮನುಷ್ಯ ನೋಡಿ ನಾನು, ಹಿಟ್ಟು ಒರೆಸಿಕೊಂಡು ಆಫೀಸಿಗೆ ಹೋದವನು.

ಸಂಜೆ ಬರುವಷ್ಟರಲ್ಲಿ ಆಕೆ ಬಟ್ಟೆ ಪುಸ್ತಕ ಕಟ್ಟಿಕೊಂಡು ಸುರಪುರಕ್ಕೆ, ನನ್ನ ಅಕ್ಕನ ಮನೆಗೆ ಹೋಗಿಬಿಟ್ಟಿದ್ದಳು. ಅಪ್ಪ ಇರುವ ಮನೆಗೆ ನಾನು ಬರುವುದಿಲ್ಲ ಅಂತ ತಾಯಿಗೆ ಹೇಳಿ ಹೋಗಿದ್ದಳು. ಕಾಲೇಜು ಮಾತ್ರ ಬಿಡಲಿಲ್ಲ. ದಿನಾ ಬಸ್ಸು ಹತ್ತಿ ಶಹಾಪುರಕ್ಕೆ ಬರುತ್ತಿದ್ದಳು, ಪಾಠ ಮುಗಿಸಿ ಹಿಂದಕ್ಕೆ ಹೋಗುತ್ತಿದ್ದಳು. ಆ ಬಸ್ಸು ನನ್ನ ಆಫೀಸಿನ ಮುಂದೆಯೇ ಹಾಯುತ್ತದೆ. ನನ್ನ ಹೆಂಡತಿ ಡಬ್ಬಿಯಲ್ಲಿ ರೊಟ್ಟಿ ಪಲ್ಯ ಕಟ್ಟಿಕೊಂಡು ಕಾಲೇಜಿನ ಗೇಟಿನಲ್ಲಿ ನಿಂತು ಮಗಳಿಗೆ ಕೊಟ್ಟು ಬರುತ್ತಿದ್ದಳು. ನಾನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಬಸ್ಸು ಎಣಿಸುತ್ತಿದ್ದೆ.

ನನ್ನ ಸಿಟ್ಟಿನ ಬಗ್ಗೆ ಎರಡು ಮಾತು ಹೇಳಲೇಬೇಕು. ನನ್ನ ಅಪ್ಪ ಸುರಪುರದಲ್ಲಿ ಪೈಲ್ವಾನ. ಹೊಲದ ಕೂಲಿ ಮಾಡಿ ಬಂದು, ಮೈಗೆ ಎಣ್ಣೆ ಹಚ್ಚಿಕೊಂಡು ಗರಡಿಗೆ ಇಳಿಯುತ್ತಿದ್ದ. ನನಗೆ ಆತ ಕಲಿಸಿದ್ದು ಒಂದೇ ಪಾಠ: ಬೆನ್ನಿಗೆ ಮಣ್ಣು ಹತ್ತಬಾರದು. ನಾನು ಆಡಿಕೊಂಡು ಮನೆಗೆ ಬಂದರೆ ಮೊದಲು ಹಿಂದಕ್ಕೆ ತಿರುಗಿಸಿ ಬೆನ್ನು ನೋಡುತ್ತಿದ್ದ. ಮೊಣಕಾಲು ಕೆತ್ತಿದ್ದರೆ ಕೇಳುತ್ತಿರಲಿಲ್ಲ, ತುಟಿ ಒಡೆದಿದ್ದರೆ ಕೇಳುತ್ತಿರಲಿಲ್ಲ, ಬೆನ್ನಿಗೆ ಮಣ್ಣಿದ್ದರೆ ಏಟು ಬೀಳುತ್ತಿತ್ತು. ಅದಕ್ಕೆ ನಾನು ಗಲ್ಲಿಯ ಹುಣಸೆಮರಕ್ಕೆ ಬೆನ್ನು ಉಜ್ಜಿ ಉಜ್ಜಿ, ಧೂಳು ಝಾಡಿಸಿಕೊಂಡು ಮನೆಗೆ ಹೋಗುತ್ತಿದ್ದೆ. ನೋವಾಯಿತು ಅನ್ನುವ ಮಾತು ನಮ್ಮ ಮನೆಯ ಗಂಡಸರ ಬಾಯಲ್ಲಿ ನಾನು ಕೇಳಿಯೇ ಇಲ್ಲ. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಆತನ ಕೈ ಮಾತ್ರ ನನಗೆ ಬಂದಿದೆ, ಅದೇ ದಪ್ಪ ಬೆರಳು, ಅದೇ ಹಿಡಿತ.

ಮಗಳು ಹೋಗಿ ಮೂರು ವಾರಕ್ಕೆ ಆಫೀಸಿನಲ್ಲಿ ಟಪಾಲಿಗೆ ಮೊಹರು ಹೊಡೆಯುತ್ತಾ ಕೂತಿದ್ದೆ. ಬಸ್ಸು ಹಾಯಿತು. ಇದ್ದಕ್ಕಿದ್ದಂತೆ ಎದೆ ಹಿಡಿದುಕೊಂಡಿತು. ಉಸಿರು ಒಳಗೆ ಹೋಗುತ್ತಿದೆ, ಹೊರಗೆ ಬರುತ್ತಿಲ್ಲ. ಕೈ ತಣ್ಣಗಾಯಿತು. ಮುಗಿಯಿತು ನನ್ನ ಕಥೆ ಅಂದುಕೊಂಡೆ. ಜೊತೆಯವರು ಜೀಪಿನಲ್ಲಿ ಹಾಕಿಕೊಂಡು ಯಾದಗಿರಿಗೆ ಒಯ್ದರು. ಡಾಕ್ಟರು ಎದೆಗೆ ವೈರು ಅಂಟಿಸಿ ನೋಡಿ, ಹೃದಯ ಸರಿ ಇದೆ, ಬಿಪಿ ಮಾತ್ರ ಮಿತಿ ಮೀರಿದೆ, ಗಾಬರಿಗೆ ಹೀಗಾಗುತ್ತದೆ ಅಂದರು. ನಿದ್ದೆ ಬರುತ್ತದಾ ಅಂತ ಕೇಳಿದರು, ಬರುತ್ತದೆ ಅಂದೆ. ಮನೆಯಲ್ಲಿ ಏನಾದರೂ ಚಿಂತೆ ಇದೆಯಾ ಅಂದರು, ಏನಿಲ್ಲ ಅಂದೆ. ಎರಡೂ ಸುಳ್ಳು. ದಿನಾ ಒಂದು ಮಾತ್ರೆ ಬರೆದುಕೊಟ್ಟು, ಉಪ್ಪು ಕಡಿಮೆ ಮಾಡಿ, ಮೈ ಬೆವರುವಂತೆ ಏನಾದರೂ ಮಾಡಿ, ಸಿಟ್ಟು ಕಡಿಮೆ ಮಾಡಿ ಅಂದರು. ಉಪ್ಪಿನ ಜೊತೆ ಸಿಟ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟರು, ಪುಣ್ಯಾತ್ಮರು.

ಕಾಲುವೆಯ ಗುಂಟ ನಡೆಯಲು ಶುರುಮಾಡಿದೆ. ನಡಿಗೆ ನನ್ನಂಥವನಿಗಲ್ಲ. ಒಬ್ಬನೇ ನಡೆದರೆ ತಲೆಯೊಳಗೆ ಅದೇ ಮೆಟ್ಟಿಲು, ಅದೇ ತೋಳು. ಭತ್ತದ ಗದ್ದೆ ಎಷ್ಟು ಹಸಿರಾಗಿದ್ದರೇನು, ನೋಡುವ ಕಣ್ಣು ಬೇಕಲ್ಲ. ಒಂದು ಮುಂಜಾನೆ ಹಾಗೆ ಹಿಂದಿರುಗುವಾಗ ಹತ್ತಿ ಮಿಲ್ಲಿನ ಹಳೆಯ ಗೋದಾಮಿನಲ್ಲಿ ದೀಪ ಉರಿಯುತ್ತಿತ್ತು. ಬಗ್ಗಿ ನೋಡಿದೆ. ನೆಲಕ್ಕೆ ಹಳೆ ಗಾದಿಗಳನ್ನು ಹಾಸಿ, ಮೇಲೆ ಲಾರಿಗೆ ಹೊದಿಸುವ ತಾಡಪತ್ರಿ ಬಿಗಿದಿದ್ದರು. ಅದರ ಮೇಲೆ ಐದಾರು ಜನ ಒಬ್ಬರನ್ನೊಬ್ಬರು ಹಿಡಿದು ಹೊರಳಾಡುತ್ತಿದ್ದರು. ಕುಸ್ತಿ ಅಂದುಕೊಂಡೆ. ಆದರೆ ಒಬ್ಬನು ತಾನಾಗಿಯೇ ಅಂಗಾತ ಬಿದ್ದು, ಎದುರಿನವನನ್ನು ಬಾ ಅಂತ ಕರೆಯುತ್ತಿದ್ದ. ಬೆನ್ನು ಪೂರಾ ನೆಲಕ್ಕೆ ಹತ್ತಿದೆ, ಮುಖದಲ್ಲಿ ನಾಚಿಕೆ ಅನ್ನುವುದೇ ಇಲ್ಲ! ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ಕಲಿಸುವವನು ಮುದನಾಳದ ಹುಡುಗ ಅನ್ನಬೇಕೋ, ಮೂವತ್ತರ ಗಂಡಸು ಅನ್ನಬೇಕೋ. ಹೈದರಾಬಾದಿನಲ್ಲಿ ಎಂಟು ವರ್ಷ ದುಡಿದು, ಅಲ್ಲಿ ಈ ಜಿಯು-ಜಿತ್ಸು ಅನ್ನುವ ಪರದೇಶದ ಕುಸ್ತಿ ಕಲಿತು, ತಾಯಿಗೆ ಮೈ ಸರಿಯಿಲ್ಲವೆಂದು ಊರಿಗೆ ಬಂದವನು. ಎಲ್ಲರೂ ಮಾಸ್ತರ ಅನ್ನುತ್ತಿದ್ದರು, ನಾನೂ ಅಂದೆ. ಊರವರಿಗೆ ಆ ವಿದ್ಯೆಯ ಹೆಸರಿಗೆ ನಾಲಿಗೆ ಹೊರಳುತ್ತಿರಲಿಲ್ಲ, ಮಲಗುವ ಕುಸ್ತಿ ಅನ್ನುತ್ತಿದ್ದರು. ಮೈ ಬೆವರುತ್ತದಾ ಅಂತ ಕೇಳಿದೆ. ನಾಳೆ ಬನ್ನಿ ಅಂದ.

ಮನೆಯಲ್ಲಿ ಹೇಳಿದಾಗ ಹೆಂಡತಿ ಒಲೆಯ ಮುಂದಿನಿಂದ ಏಳಲಿಲ್ಲ. ಅಲ್ಲಿ ಏನು ಕಲಿಸುತ್ತಾರೆ ಅಂತ ಕೇಳಿದಳು. ಕೈ ತಿರುವುವುದು, ಕುತ್ತಿಗೆ ಬಿಗಿಯುವುದು ಅಂದೆ, ಸುಳ್ಳೇಕೆ ಹೇಳಲಿ. ಆಕೆ ತವೆಯ ಮೇಲಿನ ರೊಟ್ಟಿ ತಿರುವಿ ಹಾಕಿ ಹೇಳಿದಳು:

"ಇನ್ನೂ ಏನರ ಕಲಿಯೂದು ಉಳದಿತ್ತೇನ್ರಿ ನಿಮಗ?"

ಮರುದಿನ ಮುಂಜಾನೆ ಐದೂವರೆಗೆ ಗೋದಾಮಿಗೆ ಹೋದೆ.

ಮೊದಲ ಹದಿನೈದು ದಿನ ನನಗಾದ ಅವಮಾನವನ್ನು ಹೇಳಬಾರದು, ಆದರೂ ಹೇಳುತ್ತೇನೆ. ನನ್ನ ಜೋಡಿ ಸಿಕ್ಕವನು ಕಕ್ಕೇರಾ ಕಡೆಯ ಒಬ್ಬ ಹಮಾಲ, ಶಹಾಪುರದ ಬಜಾರಿನಲ್ಲಿ ಚೀಲ ಹೊರುವವನು. ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ಬಾಯಿ ತೆರೆದರೆ 'ಸಾಹೇಬ್ರ' ಅನ್ನುವ ಸಭ್ಯ. ಆತ ನನ್ನ ಎದೆಯ ಮೇಲೆ ಕೂತರೆ ಜೋಳದ ಚೀಲ ಇಟ್ಟಂತೆ ಆಗುತ್ತಿತ್ತು. ಆಫೀಸಿನಲ್ಲಿ ಹಿಡಿದುಕೊಂಡ ಎದೆ ಇಲ್ಲಿಯೂ ಹಾಗೆಯೇ ಹಿಡಿದುಕೊಳ್ಳುತ್ತಿತ್ತು. ಬೆನ್ನು ನೆಲಕ್ಕೆ ಹತ್ತಬಾರದೆಂದು ನಾನು ಒದ್ದಾಡಿ ಬೋರಲು ಬೀಳುತ್ತಿದ್ದೆ. ಬೋರಲು ಬಿದ್ದವನ ಕುತ್ತಿಗೆಗೆ ಹಿಂದಿನಿಂದ ಕೈ ಹಾಕುವುದು ಇವರಿಗೆ ಎಡಗೈ ಕೆಲಸ. ದಿನಾ ಅದೇ, ಬೋರಲು ಬೀಳುವುದು, ಕುತ್ತಿಗೆ ಕೊಡುವುದು. ಗರಡಿಯ ಮನೆತನದವರೆಲ್ಲ ಇದೇ ತಪ್ಪು ಮಾಡುತ್ತಾರೆ ಅಂತ ಮಾಸ್ತರ ನಕ್ಕ. ಬೆನ್ನು ಕಾಯಲು ಹೋಗಿ ಕುತ್ತಿಗೆ ಕೊಡುತ್ತೀರಿ, ಅಂಗಾತ ಬೀಳಿ, ಅಲ್ಲಿಂದಲೇ ಕೆಲಸ ಶುರುವಾಗುವುದು ಅಂದ. ಬುದ್ಧಿಗೆ ತಿಳಿಯುತ್ತಿತ್ತು. ಮೈ ಕೇಳುತ್ತಿರಲಿಲ್ಲ. ನನಗೆ ನಲವತ್ತಾರು ತುಂಬಿದ ಮೇಲೂ ಅಪ್ಪ ಹಿಂದೆ ನಿಂತು ಬೆನ್ನು ನೋಡುತ್ತಿದ್ದಾನೆ ಅನ್ನಿಸುತ್ತಿತ್ತು.

ಸೋತವನು ಅಂಗೈಯಿಂದ ಎದುರಿನವನ ಮೈಗೋ ನೆಲಕ್ಕೋ ಮೂರು ಸಲ ತಟ್ಟಬೇಕು, ತಟ್ಟಿದ ಕ್ಷಣ ಹಿಡಿದವನು ಬಿಡಬೇಕು. ಇದು ಅವರ ಮೊದಲ ನಿಯಮ, ಮೊದಲ ದಿನವೇ ಮಾಸ್ತರ ಹೇಳಿದ್ದ. ನಾನು ಕೇಳಿದ್ದೆ, ತಲೆಯಾಡಿಸಿದ್ದೆ. ಆದರೆ ನಾನು ತಟ್ಟುತ್ತಿರಲಿಲ್ಲ. ಒಮ್ಮೆ ಹಮಾಲ ನನ್ನ ಮೊಣಕೈ ಹಿಡಿದು ನಿಧಾನ ಒತ್ತಿದ. ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ. ಒಳಗೆ ಏನೋ ಲಟಕ್ ಅಂದಿತು. ಆತನೇ ಹೆದರಿ ಬಿಟ್ಟ. ಹತ್ತು ದಿನ ಎಡಗೈಯಲ್ಲಿ ತಂಬಿಗೆ ಎತ್ತಲು ಆಗಲಿಲ್ಲ. ಮನೆಯಲ್ಲಿ ಜಾರಿ ಬಿದ್ದೆ ಅಂತ ಹೇಳಿದೆ. ಹೆಂಡತಿ ಎಣ್ಣೆ ಬಿಸಿ ಮಾಡಿ ತಿಕ್ಕಿದಳು, ನಂಬಲಿಲ್ಲ.

ಕೈ ಸರಿಹೋದ ಮೇಲೆ ಮತ್ತೆ ಹೋದೆ. ಆ ದಿನವನ್ನು ನಾನು ಮರೆಯುವಂತಿಲ್ಲ. ಅಂದು ನನ್ನ ಜೋಡಿ ಕರೆಂಟಿನ ಲೈನ್‌ಮನ್ ಒಬ್ಬ ಇದ್ದ, ಸಣಕಲು ಆಳು. ಮೊದಲ ಸಲ ನನಗೆ ಒಂದು ಪಟ್ಟು ಕೂಡಿ ಬಂತು. ಆತನ ತೋಳು ನನ್ನ ಎರಡೂ ಕೈಗಳ ನಡುವೆ ಸಿಕ್ಕಿತು. ಖುಷಿಗೆ ಮೈ ಜುಮ್ಮೆಂದಿತು, ಬಿಗಿದೆ. ಆತ ನನ್ನ ಮುಂಗೈ ಮೇಲೆ ಪಟಪಟ ಬಡಿದ. ನಾನು ಇನ್ನೂ ಬಿಗಿದೆ. ಆತ ಮತ್ತೆ ಬಡಿದ. ಮಾಸ್ತರ ಓಡಿ ಬಂದು ನನ್ನ ಬೆರಳು ಒಂದೊಂದೇ ಬಿಡಿಸಿದ. ಯಾಕೆ ಬಿಡಲಿಲ್ಲ ಅಂತ ಕೇಳಿದ. ಅವನು ನನಗೆ ಬಡಿಯುತ್ತಿದ್ದನಲ್ಲ ಅಂದೆ. ಖರೇನೇ ಹಾಗೆಯೇ ಅನ್ನಿಸಿತ್ತು. ನಮ್ಮ ಗರಡಿಯಲ್ಲಿ ಎದುರಿನವನ ತೋಳಿಗೆ ಅಂಗೈಯಿಂದ ಬಡಿದರೆ, ಬಾ ನೋಡೇಬಿಡೋಣ ಅಂತ ಅರ್ಥ. ಬಡಿಸಿಕೊಂಡವನು ಬಿಗಿಯಬೇಕು, ಬಿಟ್ಟರೆ ಮರ್ಯಾದೆ ಇಲ್ಲ. ಮಾಸ್ತರನಿಗೆ ಮೊದಲು ನಗು ಬಂತು, ಆಮೇಲೆ ಮುಖ ಗಂಭೀರ ಮಾಡಿ ನನ್ನ ಎದುರು ಕುಕ್ಕರಗಾಲಲ್ಲಿ ಕೂತ.

"ಅಂವ ಬಡ್ಯಾಕತ್ತಿಲ್ಲರಿ ಸಾಹೇಬ್ರ. ಬಿಡು ಅಂತ ಬೇಡ್ಕೊಳ್ಳಾಕತ್ತಾನ. ತಟ್ಟಿದ ಮ್ಯಾಲ ಒಂದು ಕ್ಷಣ ಹಿಡದ್ರೂ ನೀವು ನಾಳಿಂದ ಬರಬ್ಯಾಡ್ರಿ."

ಲೈನ್‌ಮನ್ ತೋಳು ತಿಕ್ಕಿಕೊಳ್ಳುತ್ತಿದ್ದ. ಅಲ್ಲಿ ನಾಲ್ಕು ಬೆರಳಿನ ಕೆಂಪು ಗೆರೆ ಮೂಡಿತ್ತು. ನನಗೆ ಕಿವಿಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿತು, ಅದರ ಮೇಲೆ ಇನ್ನೊಂದು ಸದ್ದು, ಚಿಕ್ಕ ಅಂಗೈಯದು, ಪಟಪಟಪಟ. ಎದ್ದು ಹೋಗಿ ಗೋಡೆಗೆ ಆತು ಕೂತೆ. ನನ್ನ ಮಗಳು ನನಗೆ ಹೊಡೆದಿರಲಿಲ್ಲ. ಬಿಡು ಅಂದಿದ್ದಳು. ನೋವಿಗೆ ಬಾಯಿಂದ ಮಾತು ಹೊರಡದೆ ಕೈಯಿಂದ ಅಂದಿದ್ದಳು. ಎರಡು ಸಲ ಅಂದಿದ್ದಳು. ಎರಡು ಸಲವೂ ನಾನು ಬಿಗಿದಿದ್ದೆ. ಮಾಸ್ತರ ನೀರು ತಂದು, ಎದೆ ನೋವಾ ಅಂತ ಕೇಳಿದ. ಹೌದು ಅಂದೆ.

ಆ ಭಾನುವಾರವೇ ಸುರಪುರಕ್ಕೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದೆ: ನೀನು ಹೊಡೆದೆ ಅಂದುಕೊಂಡಿದ್ದೆ, ತಪ್ಪಾಯಿತು. ಇಷ್ಟೇ, ನಾಲ್ಕು ಪದ ಹೆಚ್ಚುಕಡಿಮೆ. ಅಕ್ಕ ಚಹಾ ಕೊಟ್ಟಳು. ಮಗಳು ಒಳಗಿನ ಕೋಣೆಯ ಹೊಸ್ತಿಲಲ್ಲಿ ನಿಂತಳು, ತುಂಬುತೋಳಿನ ಚೂಡಿದಾರ ಹಾಕಿಕೊಂಡು, ಆ ಸೆಕೆಯಲ್ಲಿ. ಗುರುತು ಅಳಿದು ತಿಂಗಳುಗಳಾಗಿದ್ದವು. ಆ ತೋಳು ನೋಡಿ ನನ್ನ ಬಾಯಿಪಾಠವೆಲ್ಲ ಎಲ್ಲಿ ಹೋಯಿತೋ. ಊಟ ಆಯಿತಾ ಅಂತ ಕೇಳಿದೆ. ಆಯಿತು ಅಂದಳು. ಮುಂದಿನ ಬಸ್ಸಿಗೆ ವಾಪಸ್ಸು ಬಂದೆ. ಅಷ್ಟು ದೂರ ಹೋಗಿ ಊಟ ಆಯಿತಾ ಅಂತ ಕೇಳಿ ಬಂದ ತಂದೆ ನಾನು.

ಹೇಳಲಾಗದ್ದನ್ನು ಮೈಗೆ ಕಲಿಸುತ್ತೇನೆ ಅಂತ ಹಟ ಹಿಡಿದೆ. ದಿನಾ ಹೋದೆ. ಮೊದಲು ಕಲಿತದ್ದು ತಟ್ಟುವುದನ್ನು. ನಗಬೇಡಿ, ಅದಕ್ಕೇ ನನಗೆ ತಿಂಗಳು ಹಿಡಿಯಿತು. ಮೊದಲ ಸಲ ಹಮಾಲನ ಭುಜಕ್ಕೆ ಮೂರು ಸಲ ತಟ್ಟಿದಾಗ ಆತ ಬಿಸಿ ಪಾತ್ರೆ ಬಿಟ್ಟಂತೆ ಥಟ್ಟನೆ ಬಿಟ್ಟ. ಸೋತವನ ಮುಖ ಕೂಡ ನೋಡಲಿಲ್ಲ, ಮತ್ತೊಮ್ಮೆ ಶುರುಮಾಡೋಣವಾ ಅಂದ. ಸೋಲೆಂದರೆ ಇಷ್ಟೇನಾ ಅನ್ನಿಸಿತು. ಆಮೇಲೆ ಅಂಗಾತ ಬೀಳುವುದನ್ನು ಕಲಿತೆ. ಎದೆಯ ಮೇಲೆ ಆಳು ಕೂತಾಗ ಮಾಸ್ತರ ಪಕ್ಕದಲ್ಲಿ ಬಗ್ಗಿ, ಉಸಿರು ತಗೊಳ್ಳುವುದಲ್ಲ, ಮೊದಲು ಬಿಡಿ, ಬಿಡಿ ಅನ್ನುತ್ತಿದ್ದ. ಉಸಿರು ಬಿಟ್ಟರೆ ಎದೆಗೂ ಹಮಾಲನಿಗೂ ನಡುವೆ ನಾಲ್ಕು ಬೆರಳು ಜಾಗ ಆಗುತ್ತಿತ್ತು. ಆ ಜಾಗದಲ್ಲಿ ಯೋಚನೆ ಮಾಡಬಹುದಿತ್ತು.

ಮೈಗೆ ಒಳ್ಳೆಯದಾಯಿತು, ಅದನ್ನು ಇಲ್ಲ ಅನ್ನಲಾರೆ. ಬೆಲ್ಟಿಗೆ ಮೊಳೆಯಿಂದ ಎರಡು ತೂತು ಹೊಸದಾಗಿ ಹೊಡೆದೆ. ಮೆಟ್ಟಿಲು ಹತ್ತಿದರೆ ಮೊಣಕಾಲು ಕಟಕಟ ಅನ್ನುವುದು ನಿಂತಿತು. ಹಾಸಿಗೆಗೆ ಬಿದ್ದರೆ ಬೆಳಗಿನ ತನಕ ಎಚ್ಚರವಿಲ್ಲ, ಎಷ್ಟೋ ವರ್ಷದ ನಿದ್ದೆಯನ್ನು ಒಟ್ಟಿಗೆ ಮಾಡಿದೆ. ಬಸ್ಸು ಹಾಯುವಾಗ ಎದೆ ಹಿಡಿದುಕೊಂಡರೆ, ಮೊಹರು ಕೆಳಗಿಟ್ಟು ಉಸಿರು ಬಿಡುತ್ತಿದ್ದೆ. ಹಿಡಿತ ಸಡಿಲಾಗುತ್ತಿತ್ತು. ಒಬ್ಬ ಗುತ್ತಿಗೆದಾರ ಬಂದು ಮೇಜು ಗುದ್ದಿ ಕೂಗಾಡಿದಾಗ ಜೊತೆಯವರೆಲ್ಲ ನನ್ನ ಮುಖ ನೋಡುತ್ತಾ ಕೂತರು, ಇನ್ನೇನು ಸಿಡಿಯುತ್ತಾನೆ ಅಂತ. ನಾನು ಫೈಲು ತೆಗೆದು ಮುಂದಿಟ್ಟೆ. ಅವರಿಗೆ ನಿರಾಸೆಯಾಗಿರಬೇಕು. ಯಾದಗಿರಿಯ ಡಾಕ್ಟರು ಬಿಪಿ ನೋಡಿ ಎರಡು ಸಲ ಪಟ್ಟಿ ಕಟ್ಟಿದರು, ನಂಬಿಕೆ ಬರದೆ. ಮಾತ್ರೆ ಬಿಡಬೇಡಿ, ಅರ್ಧ ಮಾಡಿ ಅಂದರು. ಏನು ಮಾಡುತ್ತೀರಿ ಅಂತ ಕೇಳಿದರು. ದಿನಾ ಮುಂಜಾನೆ ಒಬ್ಬ ಹಮಾಲನ ಕೆಳಗೆ ಬಿದ್ದಿರುತ್ತೇನೆ ಅಂದೆ. ಜೋರಾಗಿ ನಕ್ಕರು.

ಡಾಕ್ಟರು ಬರೆದುಕೊಟ್ಟ ಚೀಟಿ ಜೇಬಿನಲ್ಲಿಟ್ಟುಕೊಂಡು, ದೊಡ್ಡ ಸಾಧನೆ ಮಾಡಿದವನಂತೆ ಮನೆಗೆ ಬಂದೆ. ಮೂರನೇ ದಿನಕ್ಕೆ ಊಟದ ತಾಟು ಗೋಡೆಗೆ ಒಗೆದೆ. ಕಾರಣ ಕೇಳಬೇಡಿ, ಪಲ್ಯಕ್ಕೆ ಉಪ್ಪಿಲ್ಲ ಅಂತ. ನನ್ನ ಬಿಪಿಗೆಂದೇ ಆಕೆ ಉಪ್ಪು ಹಾಕಿರಲಿಲ್ಲ! ತಾಟು ನೆಲದ ಮೇಲೆ ಗಿರಗಿರ ತಿರುಗಿ ನಿಲ್ಲುವ ತನಕ ಇಬ್ಬರೂ ಅದನ್ನೇ ನೋಡುತ್ತಾ ಕೂತೆವು. ಗೋದಾಮಿನಲ್ಲಿ ಕಲಿತ ಉಸಿರು ಆಗ ಎಲ್ಲಿ ಹೋಗಿತ್ತೋ, ತಾಟು ಕೈ ಬಿಟ್ಟ ಮೇಲೆ ನೆನಪಾಯಿತು. ಹೆಂಡತಿ ಗೋಡೆ ಒರೆಸಿದಳು. ಅರಿವೆ ಹಿಂಡುತ್ತಾ ಮೆತ್ತಗೆ ಹೇಳಿದಳು:

"ಬಿಪಿ ಕಡಿಮಿ ಆಗ್ಯಾದ. ನೀವು ಕಡಿಮಿ ಆಗಿಲ್ಲ."

ಮೂರು ದಿನ ಗೋದಾಮಿಗೆ ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ? ನಾಲ್ಕನೇ ದಿನ ಹಮಾಲ ಆಫೀಸಿನ ಬಾಗಿಲಿಗೆ ಬಂದು ನಿಂತ. ಮೈ ಸರಿ ಇಲ್ಲವಾ ಅಂತ ಕೇಳಿದ. ಸರಿ ಇದೆ, ತಲೆ ಸರಿ ಇಲ್ಲ ಅಂದೆ. ಹಾಗಾದರೆ ನಾಳೆ ಬೇಗ ಬನ್ನಿ ಅಂದು ಹೊರಟುಹೋದ. ಹೋದೆ. ಅಲ್ಲಿ ಹೇಳಿಕೊಳ್ಳುವ ಪದ್ಧತಿ ಇಲ್ಲ, ಹಿಡಿಯುವುದು, ತಟ್ಟುವುದು, ಬಿಡುವುದು. ಆ ದಿನ ನಾನು ಎಷ್ಟು ಸಲ ತಟ್ಟಿದೆನೋ ಲೆಕ್ಕವಿಲ್ಲ. ಎಲ್ಲ ಸಲವೂ ಆತ ಬಿಟ್ಟ. ಮನೆಗೆ ಬಂದು ನಾನೇ ಒಂದು ತಾಟು ತೊಳೆದು ಇಟ್ಟೆ. ಹೆಂಡತಿ ಅದರಲ್ಲೇ ನನಗೆ ರೊಟ್ಟಿ ಹಾಕಿದಳು.

ಪರೀಕ್ಷೆ ಮುಗಿಯಿತು, ಫಲಿತಾಂಶ ಬಂತು. ಮಗಳು ಒಳ್ಳೆಯ ಅಂಕ ತೆಗೆದಿದ್ದಳು. ಸುದ್ದಿ ನನಗೆ ಹೆಂಡತಿಯ ಬಾಯಿಂದ ತಿಳಿಯಿತು. ಕಲಬುರಗಿಯಲ್ಲಿ ಡಿಗ್ರಿ ಓದುತ್ತಾಳೆ, ಹಾಸ್ಟೆಲಿನಲ್ಲಿ ಇರುತ್ತಾಳೆ ಅಂತಲೂ ಆಕೆಯೇ ಹೇಳಿದಳು. ಪರೀಕ್ಷೆಯ ತನಕ ದಿನಕ್ಕೆ ಎರಡು ಸಲ ಕಿಟಕಿಯ ಮುಂದೆ ಬಸ್ಸಾದರೂ ಹಾಯುತ್ತಿತ್ತು. ಇನ್ನು ಅದೂ ಇಲ್ಲ. ಹೋದವಳು ತಿರುಗಿ ಈ ಮನೆಯ ಹೊಸ್ತಿಲು ತುಳಿಯುತ್ತಾಳಾ ಅಂತ ಕೇಳಬೇಕೆನಿಸಿತು. ಹೆಂಡತಿಗೆ ತಾನೇ ಏನು ಗೊತ್ತು.

ಅದಾದ ಮುಂದಿನ ಭಾನುವಾರ. ಭಾನುವಾರದ ತರಗತಿ ತಡವಾಗಿ, ಎಂಟಕ್ಕೆ ಶುರುವಾಗುತ್ತಿತ್ತು, ನಾಲ್ಕೈದು ಹೆಣ್ಣುಮಕ್ಕಳೂ ಬರುತ್ತಿದ್ದರು. ನಾನು ಅಂಗಾತ ಬಿದ್ದಿದ್ದೆ, ಮೇಲೆ ಹಮಾಲ. ಆತನ ಭುಜದ ಆಚೆ, ಬಾಗಿಲಲ್ಲಿ, ಕೈಯಲ್ಲೊಂದು ಫೈಲು ಹಿಡಿದು ನನ್ನ ಮಗಳು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನಾನು ಹಮಾಲನಿಗೆ ತಟ್ಟಿ ಎದ್ದೆ. ಬೆನ್ನಿಗೆಲ್ಲ ಹತ್ತಿಯ ಎಳೆ ಅಂಟಿತ್ತು. ಝಾಡಿಸಿಕೊಳ್ಳಲಿಲ್ಲ.

ಹಾಸ್ಟೆಲಿನ ಅರ್ಜಿಗೆ ತಂದೆಯ ಸಹಿಯೇ ಬೇಕಂತೆ, ಮನೆಗೆ ಬರುವ ಮನಸ್ಸಿಲ್ಲ, ನೀನು ಇಲ್ಲಿ ಸಿಗುತ್ತೀ ಅಂತ ಅವ್ವ ಅಂದಳು, ಅದಕ್ಕೆ ಬಂದೆ. ಇಷ್ಟನ್ನು ನೆಲ ನೋಡುತ್ತಾ ಹೇಳಿದಳು. ಪೆನ್ನು ತರುತ್ತೇನೆ ಇರು ಅಂದೆ. ಪೆನ್ನು ಗೋಡೆಯ ಮೊಳೆಗೆ ನೇತುಹಾಕಿದ ಅಂಗಿಯಲ್ಲಿತ್ತು. ಮಾಸ್ತರನಿಗೆ ನಮ್ಮ ಮನೆಯ ಕಥೆ ಏನು ಗೊತ್ತು ಪಾಪ. ಸಾಹೇಬರ ಮಗಳು ಅಂತ ಸಂಭ್ರಮಪಟ್ಟ. ಬಂದವರು ಸುಮ್ಮನೆ ಹೋಗಬಾರದು, ಒಂದಾದರೂ ಪಟ್ಟು ಕಲಿತು ಹೋಗಬೇಕು, ನಿಮ್ಮ ಅಪ್ಪನ ಕುತ್ತಿಗೆಯೇ ಇದೆಯಲ್ಲ ಅಂದ. ಮಗಳು ನನ್ನತ್ತ ನೋಡಿದಳು. ನಾನು ಪೆನ್ನು ಕೈಯಲ್ಲಿ ಹಿಡಿದೇ ನಿಂತಿದ್ದೆ. ಹಿಡಿಸಿಕೊಂಡವರು ಹೇಗೆ ಬಿಡಿಸಿಕೊಳ್ಳುತ್ತಾರೆ ಅಂತ ಆಕೆ ಮಾಸ್ತರನನ್ನು ಕೇಳಿದಳು. ಮಾಸ್ತರ ತನ್ನ ಮುಂಗೈ ಮೇಲೆ ಮೂರು ಸಲ ತಟ್ಟಿ ತೋರಿಸಿದ. ಹೀಗೆ ತಟ್ಟಿದರೆ ಬಿಡಬೇಕು, ಇದೇ ಇಲ್ಲಿಯ ಕಾನೂನು ಅಂದ.

ಆಕೆಯ ಮುಖ ಬದಲಾಯಿತು. ಬಲಗೈ ತಾನಾಗಿ ಎಡತೋಳಿಗೆ ಹೋಯಿತು. ಆಮೇಲೆ ಫೈಲನ್ನು ಗೋಡೆಗೆ ಒರಗಿಸಿ, ಚಪ್ಪಲಿ ಬಿಟ್ಟು, ತಾಡಪತ್ರಿಯ ಮೇಲೆ ಬಂದಳು.

ನಾನು ಕೂತೆ. ಆಕೆ ನನ್ನ ಹಿಂದೆ ಕೂತಳು. ಮಾಸ್ತರ ಹೇಳಿಕೊಟ್ಟಂತೆ ಒಂದು ಕೈಯನ್ನು ನನ್ನ ಕುತ್ತಿಗೆಗೆ ಬಳಸಿ, ಇನ್ನೊಂದರಿಂದ ಅದನ್ನು ಬಿಗಿದಳು. ಚಿಕ್ಕವಳಿದ್ದಾಗ ಬೆನ್ನ ಮೇಲೆ ಕೂಸುಮರಿ ಮಾಡಿಕೊಂಡು ಹೋಗುತ್ತಿದ್ದೆ, ಆಗ ಹೀಗೆಯೇ ಕುತ್ತಿಗೆಗೆ ಕೈ ಹಾಕುತ್ತಿದ್ದಳು. ಅದಾದ ಮೇಲೆ ಆಕೆಯ ಕೈ ನನ್ನ ಕುತ್ತಿಗೆಗೆ ಬಂದದ್ದು ಈಗಲೇ. ಬಿಗಿ ಹೆಚ್ಚಾಯಿತು. ಕಿವಿಯಲ್ಲಿ ಗುಂಯ್ ಅನ್ನತೊಡಗಿತು. ಆಕೆಯ ಮುಂಗೈಗೆ ಮೂರು ಸಲ ತಟ್ಟಿದೆ.

ಆಕೆ ಬಿಡಲಿಲ್ಲ.

ಮತ್ತೆ ತಟ್ಟಿದೆ. ಬಿಡಲಿಲ್ಲ, ಇನ್ನೂ ಬಿಗಿದಳು. ಮಾಸ್ತರ ಎದ್ದ. ನಾನು ಅಂಗೈ ತೋರಿಸಿ ಆತನನ್ನು ತಡೆದೆ. ಈ ಕೆಲಸದಲ್ಲಿ ಆತ ನಡುವೆ ಬರುವಂತಿರಲಿಲ್ಲ. ಕಣ್ಣ ಅಂಚಿನಲ್ಲಿ ಕತ್ತಲಾಯಿತು. ಹೆದರಿಕೆಯಾಯಿತು, ಖರೇ ಹೇಳುತ್ತೇನೆ, ಸ್ವಂತ ಮಗಳ ಕೈಯೆಂದು ಹೆದರಿಕೆಯಾಯಿತು. ಆ ಬೆಳಿಗ್ಗೆ ಮೆಟ್ಟಿಲ ಮೇಲೆ ಆಕೆಗೆ ಆದದ್ದು ಇದೇ ಅಂತ ಗೊತ್ತಾಯಿತು. ಮೂರನೇ ಸಲ ತಟ್ಟಲು ಕೈ ಎತ್ತುವಷ್ಟರಲ್ಲಿ ಬಿಟ್ಟಳು.

ಕೆಮ್ಮಿದೆ. ಆಕೆ ಎದುರಿಗೆ ಬಂದು ಕೂತಳು. ಕಣ್ಣು ತುಂಬಿದ್ದವು, ದನಿ ಮಾತ್ರ ಗಟ್ಟಿಯಿತ್ತು.

"ನೋವಾತೇನು?"

"ಆತು" ಅಂದೆ. ನನ್ನ ಜೀವಮಾನದಲ್ಲಿ ಮನೆಯ ಯಾರಿಗೂ ಹೇಳದ ಮಾತು.

"ನನಗೂ ಆಗಿತ್ತು."

ಆಗ ಹೇಳಿದೆ. ಸುರಪುರದ ದಾರಿಯಲ್ಲಿ ಬಾಯಿಪಾಠ ಮಾಡಿ ಹೇಳದೆ ವಾಪಸ್ಸು ತಂದದ್ದನ್ನೆಲ್ಲ ಹೇಳಿದೆ. ನೀನು ಬಿಡು ಅಂತ ತಟ್ಟಿದ್ದೆ, ನೀನು ಹೊಡೆಯುತ್ತಿದ್ದೀ ಅಂತ ನಾನು ಅಂದುಕೊಂಡೆ, ನಮ್ಮ ಗರಡಿಯಲ್ಲಿ ಹಾಗೆ ಬಡಿದರೆ ಬೇರೆ ಅರ್ಥ, ಇಲ್ಲಿಗೆ ಬಂದ ಮೇಲೆಯೇ ನನಗೆ ತಿಳಿದದ್ದು ಅಂದೆ. ತಪ್ಪಾಯಿತು ಅಂದೆ. ಇಷ್ಟು ತಿಂಗಳು ಈ ಒಂದು ಮಾತನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೆ, ಇದನ್ನು ಕೇಳಿದರೆ ಆಕೆಯ ಮನಸ್ಸು ಕರಗುತ್ತದೆ ಅಂತ. ಆಕೆ ಪೂರಾ ಕೇಳಿಸಿಕೊಂಡಳು. ಕಣ್ಣೊರೆಸಿಕೊಂಡು ಕೇಳಿದಳು:

"ತಟ್ಟಾಕತ್ತೀನಿ ಅಂತ ತಿಳದಿದ್ರ ಬಿಡ್ತಿದ್ದೇನಪ್ಪ?"

ಹೌದು ಅನ್ನುವುದು ಬಹಳ ಸುಲಭವಿತ್ತು. ಬಾಯಿಯ ತನಕ ಬಂದಿತ್ತು. ಆ ಬೆಳಗಿನ ನನ್ನನ್ನು ನೆನೆಸಿಕೊಂಡೆ, ಗೋಡೆಗೆ ಒಗೆದ ತಾಟು ನೆನೆಸಿಕೊಂಡೆ. ಉಸಿರು ಬಿಟ್ಟೆ.

"ಗೊತ್ತಿಲ್ಲವ್ವ" ಅಂದೆ.

"ಇದೊಂದು ಖರೇ ಹೇಳಿದಿ" ಅಂದಳು.

ಎದ್ದು ಹೋಗಿ ಫೈಲು ತಂದು, ಅರ್ಜಿ ತೆಗೆದು ನನ್ನ ಮುಂದೆ ತಾಡಪತ್ರಿಯ ಮೇಲೆ ಇಟ್ಟಳು. ಸಹಿ ಮಾಡುವ ಜಾಗಕ್ಕೆ ಬೆರಳಿಟ್ಟು ತೋರಿಸಿದಳು. ಕೆಳಗಿನ ಗಾದಿ ಮೆತ್ತಗಿತ್ತು, ಹಾಳೆ ನಿಲ್ಲುತ್ತಿರಲಿಲ್ಲ. ನಾನು ಬರೆದು ಮುಗಿಸುವ ತನಕ ಆಕೆ ಹಾಳೆಯ ಇನ್ನೊಂದು ತುದಿಯನ್ನು ಒತ್ತಿ ಹಿಡಿದಿದ್ದಳು.